ಮನೆಯಲ್ಲುಳಿದ ಕಡತಗಳು: ಕೆಂಪ್ನರ್ ಸಂಗ್ರಹವೂ ರೋಸೆನ್‌ಬರ್ಗನ ದಿನಚರಿಯೂ

ಇತಿಹಾಸ ರಚನೆಗೆ ಆಕರಸಾಮಗ್ರಿಯೇ ತಳಹದಿ. ಶಾಸನಗಳು, ನಾಣ್ಯಗಳು, ರಾಜಾಜ್ಞೆಗಳು, ಸರ್ಕಾರಿ ಕಡತಗಳು ಈ ಸಾಮಗ್ರಿಯ ಪ್ರಕಟ ಭಾಗ. ಇದಲ್ಲದೆ ಅದಕ್ಕೆ ಇನ್ನೊಂದು ಭಾಗವಿದೆ. ಅದು ಗೃಹಸ್ಥರ ಅಟ್ಟದ ಮೇಲೆ, ಪೆಟ್ಟಿಗೆಗಳ ತಳದಲ್ಲಿ, ಹಿರಿಯರು ಕಟ್ಟಿಟ್ಟ ಗಂಟುಗಳಲ್ಲಿ ಇರುತ್ತದೆ. ಓಲೆಗರಿಯ ಕಟ್ಟುಗಳನ್ನರಸಿ ಊರೂರು ಸುತ್ತಿದ ಸಂಶೋಧಕರ ಶ್ರಮವನ್ನು ಬಲ್ಲ ಕನ್ನಡಿಗರಿಗೆ ಈ ಮಾತು ಹೊಸದಲ್ಲ. ಆದರೆ ಅಚ್ಚು, ಬೆರಳಚ್ಚು, ಛಾಯಾಪ್ರತಿಗಳು ಹೇರಳವಾಗಿದ್ದ ಇಪ್ಪತ್ತನೆಯ ಶತಮಾನದಲ್ಲಿಯೂ ಇದೇ ಪರಿಸ್ಥಿತಿ ಒದಗಿತೆಂಬುದು ಆಶ್ಚರ್ಯಕರ. ಎರಡನೆಯ ಮಹಾಯುದ್ಧದ ಅತಿ ಮುಖ್ಯ ದಾಖಲೆಗಳಲ್ಲೊಂದು 60 ವರ್ಷಗಳಿಗೂ ಹೆಚ್ಚು ಕಾಲ ವಿದ್ವಾಂಸರ ಕೈಗೆ ಸಿಗದೆ ಉಳಿಯಿತು. ಅದು ಶತ್ರುಗಳ ಕೈಯಲ್ಲಿ ನಾಶವಾಗಿರಲಿಲ್ಲ. ಅದನ್ನು ಹೊರಗೆ ತಂದ ಅಧಿಕಾರಿಯ ಖಾಸಗಿ ಕಾಗದಗಳಲ್ಲಿ ಸೇರಿಹೋಗಿತ್ತು. ಆ ಅಧಿಕಾರಿ ರಾಬರ್ಟ್ ಕೆಂಪ್ನರ್. ಆ ದಾಖಲೆ ಆಲ್‌ಫ್ರೆಡ್ ರೋಸೆನ್‌ಬರ್ಗನ ದಿನಚರಿ.

ರಾಬರ್ಟ್ ಕೆಂಪ್ನರ್ ಅವರು 1899ರಲ್ಲಿ ಜರ್ಮನಿಯ ಫ್ರೈಬುರ್ಗ್ ನಗರದಲ್ಲಿ ಜನಿಸಿದರು. ಅವರದು ವಿದ್ಯಾವಂತರ ಮನೆತನ. ತಾಯಿ ಲಿಡಿಯಾ ರಬಿನೋವಿಚ್ ಕೆಂಪ್ನರ್ ಅವರು ಕ್ಷಯರೋಗಾಣುಗಳ ಸಂಶೋಧನೆಯಿಂದ ಖ್ಯಾತರಾದ ವಿಜ್ಞಾನಿ. 1912ರಲ್ಲಿ ಬರ್ಲಿನ್ನಿನಲ್ಲಿ ಪ್ರಾಧ್ಯಾಪಕ ಪದವಿ ಪಡೆದ ಪ್ರಥಮ ಮಹಿಳೆ. ಕೆಂಪ್ನರ್ ಅವರು ನ್ಯಾಯಶಾಸ್ತ್ರವನ್ನು ಅಭ್ಯಸಿಸಿ ಪ್ರಷ್ಯಾದ ಗೃಹಮಂತ್ರಾಲಯದಲ್ಲಿ ಪೊಲೀಸ್ ಇಲಾಖೆಯ ಕಾನೂನು ಸಲಹೆಗಾರರಾದರು. ನಾಟ್ಸಿ ಪಕ್ಷವು ಸಂವಿಧಾನಕ್ಕೆ ವಿರೋಧಿಯಾದುದರಿಂದ ಅದನ್ನು ನಿಷೇಧಿಸಬೇಕೆಂದು ಆ ಕಾಲದಲ್ಲಿಯೇ ಪ್ರತಿಪಾದಿಸಿದವರಲ್ಲಿ ಅವರೊಬ್ಬರು. ಅವರ ಎಚ್ಚರಿಕೆ ಫಲಿಸಲಿಲ್ಲ. 1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದೊಡನೆ ಗೋರಿಂಗನ ಕೈಗೆ ಹೋದ ಅದೇ ಮಂತ್ರಾಲಯ ಯೆಹೂದಿ ಮೂಲದ ಕೆಂಪ್ನರ್ ಅವರನ್ನು ಹೊರಹಾಕಿತು. ಇಟಲಿ, ಫ್ರಾನ್ಸ್‌ಗಳಲ್ಲಿ ಆಶ್ರಯ ಪಡೆದು 1939ರಲ್ಲಿ ಅವರು ಅಮೆರಿಕ ಸೇರಿದರು. ಜರ್ಮನ್ ಆಡಳಿತಯಂತ್ರವನ್ನು ಒಳಗಿನಿಂದ ಬಲ್ಲವರಾದುದರಿಂದ ಯುದ್ಧಕಾಲದಲ್ಲಿ ಅಮೆರಿಕದ ಸರ್ಕಾರಕ್ಕೆ ಅವರ ಸೇವೆ ಉಪಯುಕ್ತವಾಯಿತು. 1945ರಲ್ಲಿ ನ್ಯೂರೆಂಬರ್ಗಿನ ಅಂತರರಾಷ್ಟ್ರೀಯ ನ್ಯಾಯಮಂಡಳಿಯ ಮುಂದೆ ನಾಟ್ಸಿ ನಾಯಕರ ವಿಚಾರಣೆ ಆರಂಭವಾದಾಗ ಅವರು ಅಮೆರಿಕದ ಅಭಿಯೋಜಕರ ಬಳಗದಲ್ಲಿದ್ದರು. ತಮ್ಮನ್ನು ಹುದ್ದೆಯಿಂದ ತಳ್ಳಿದ ಗೋರಿಂಗನನ್ನೇ ಪ್ರಶ್ನಿಸುವ ಅವಕಾಶ ಅವರಿಗೆ ಒದಗಿತು.

ನ್ಯೂರೆಂಬರ್ಗಿನ ವಿಚಾರಣೆಗಳ ವೈಶಿಷ್ಟ್ಯವೆಂದರೆ ಅಲ್ಲಿ ಸಾಕ್ಷಿಗಳ ಬಾಯಿಮಾತಿಗಿಂತ ಆರೋಪಿಗಳದೇ ಕಾಗದಪತ್ರಗಳಿಗೆ ಹೆಚ್ಚಿನ ಪ್ರಾಮಾಣ್ಯವಿತ್ತು. ಈ ಕಾಗದಗಳ ಬೆಲೆಯನ್ನು ಕೆಂಪ್ನರ್ ಅವರಷ್ಟು ಬಲ್ಲವರು ವಿರಳ. 1942ರ ಜನವರಿ 20ರಂದು ಬರ್ಲಿನ್ನಿನ ವಾನ್ಸೇ ಬಡಾವಣೆಯಲ್ಲಿ ಹಿರಿಯ ಅಧಿಕಾರಿಗಳು ಸಭೆ ಸೇರಿ ಯುರೋಪಿನ ಯೆಹೂದಿಗಳ ಸಂಹಾರಕ್ಕೆ ವಿವಿಧ ಇಲಾಖೆಗಳ ಸಹಕಾರವನ್ನು ಕ್ರೋಡೀಕರಿಸಿದ್ದರು. ಆ ಸಭೆಯ ನಡವಳಿಕೆಯ 30 ಪ್ರತಿಗಳಲ್ಲಿ ಉಳಿದುಬಂದದ್ದು 16ನೆಯ ಪ್ರತಿಯೊಂದೇ. ಅದನ್ನು 1947ರಲ್ಲಿ ಜರ್ಮನ್ ವಿದೇಶಾಂಗ ಕಚೇರಿಯ ಕಡತಗಳಲ್ಲಿ ಪತ್ತೆಹಚ್ಚಿದವರು ಕೆಂಪ್ನರ್ ಅವರ ಸಹೋದ್ಯೋಗಿಗಳು. ಒಂದೇ ಒಂದು ಪ್ರತಿ ನಷ್ಟವಾಗಿದ್ದರೆ ಇತಿಹಾಸದ ಒಂದು ಅಧ್ಯಾಯವೇ ಮಬ್ಬಾಗಿ ಉಳಿಯುತ್ತಿತ್ತು. ಈ ಸತ್ಯವನ್ನು ಅನುಭವದಿಂದ ಅರಿತವರೇ ಮುಂದೆ ಇನ್ನೊಂದು ದಾಖಲೆಯ ಅಜ್ಞಾತವಾಸಕ್ಕೆ ಕಾರಣರಾದರೆಂಬುದು ಈ ಕಥೆಯ ವಿಪರ್ಯಾಸ.

ಆಲ್‌ಫ್ರೆಡ್ ರೋಸೆನ್‌ಬರ್ಗನು ನಾಟ್ಸಿ ಪಕ್ಷದ ತತ್ತ್ವಪ್ರತಿಪಾದಕನೆನಿಸಿಕೊಂಡವನು. 1893ರಲ್ಲಿ ಇಂದಿನ ಎಸ್ಟೋನಿಯಾದ ತಾಲಿನ್ ನಗರದಲ್ಲಿ ಹುಟ್ಟಿದ ಈತನು ಪಕ್ಷದ ಪತ್ರಿಕೆಯ ಸಂಪಾದಕನಾಗಿದ್ದು, 1930ರಲ್ಲಿ ಜನಾಂಗದ್ವೇಷವನ್ನೇ ದರ್ಶನವೆಂದು ಸಾರುವ ಗ್ರಂಥವೊಂದನ್ನು ಪ್ರಕಟಿಸಿದನು. 1941ರಲ್ಲಿ ಆಕ್ರಮಿತ ಪೂರ್ವಪ್ರದೇಶಗಳ ಮಂತ್ರಿಯಾದನು. ವಾನ್ಸೇ ಸಭೆಯಲ್ಲಿ ಈತನ ಮಂತ್ರಾಲಯದ ಇಬ್ಬರು ಪ್ರತಿನಿಧಿಗಳಿದ್ದರು. ಇವನ ಇನ್ನೊಂದು ಕೃತ್ಯ ಪ್ರಕೃತ ವಿಷಯಕ್ಕೆ ಹೆಚ್ಚು ಹತ್ತಿರವಾದುದು. ಇವನ ಹೆಸರಿನ ವಿಶೇಷ ದಳವೊಂದು ಆಕ್ರಮಿತ ಯುರೋಪಿನಾದ್ಯಂತ ಯೆಹೂದಿಗಳ ಮನೆಗಳನ್ನೂ ವಿದ್ಯಾಸಂಸ್ಥೆಗಳನ್ನೂ ಹೊಕ್ಕು ಗ್ರಂಥಗಳು, ಹಸ್ತಪ್ರತಿಗಳು, ಚಿತ್ರಗಳು, ಕಾಗದಪತ್ರಗಳನ್ನು ಸೂರೆಮಾಡಿತು. ಯುದ್ಧಾನಂತರ ಇಂತಹ ಸಾಮಗ್ರಿಯನ್ನು ಹಿಂದಿರುಗಿಸಲು ಅಮೆರಿಕದ ಸೈನ್ಯವು 1946ರಲ್ಲಿ ಜರ್ಮನಿಯ ಓಫೆನ್‌ಬಾಕ್ ಎಂಬಲ್ಲಿ ಒಂದು ಉಗ್ರಾಣವನ್ನೇ ತೆರೆಯಬೇಕಾಯಿತು. ಅಲ್ಲಿಂದ ಮರಳಿದ ಗ್ರಂಥ ಮತ್ತು ದಾಖಲೆಗಳ ಸಂಖ್ಯೆ ಲಕ್ಷಗಳಲ್ಲಿ. ಒಡೆಯರೇ ಅಳಿದುಹೋದುದರಿಂದ ಬಹಳಷ್ಟನ್ನು ಅವರ ಮನೆಗಳಿಗೆ ಸೇರಿಸಲಾಗಲಿಲ್ಲ. ಅನ್ಯರ ಮನೆಯ ಕಾಗದಗಳನ್ನು ದೋಚಿದ ರೋಸೆನ್‌ಬರ್ಗನು ತನ್ನ ಬಗೆಗೂ ಬರೆದಿಡುವ ರೂಢಿಯುಳ್ಳವನು. 1934ರಿಂದ 1944ರವರೆಗೆ, ನಡುನಡುವೆ ಬಿಡುವು ಕೊಟ್ಟು, ದಿನಚರಿಯನ್ನು ಬರೆದನು. ಮರಣದಂಡನೆಗೆ ಗುರಿಯಾದ ಆತನನ್ನು 1946ರ ಅಕ್ಟೋಬರ್ 16ರಂದು ಗಲ್ಲಿಗೇರಿಸಲಾಯಿತು. ಬರೆದವನು ಅಳಿದರೂ ಬರೆಹ ಅಭಿಯೋಜಕರ ವಶದಲ್ಲಿ ಉಳಿಯಿತು.

ಕೆಂಪ್ನರ್ ಅವರು ಜರ್ಮನ್ ಮಂತ್ರಾಲಯಗಳ ಉನ್ನತಾಧಿಕಾರಿಗಳ ಮೇಲಿನ ಮೊಕದ್ದಮೆಯನ್ನು ನಡೆಸಿದರು. 21 ಆರೋಪಿಗಳಿದ್ದ ಆ ವಿಚಾರಣೆ 1949ರ ಏಪ್ರಿಲ್ ತಿಂಗಳಲ್ಲಿ ಮುಗಿಯಿತು. ಆ ಕಾಲಕ್ಕೆ, ಗೋಪ್ಯವಲ್ಲದ ದಾಖಲೆಗಳನ್ನು ಸಂಶೋಧನೆ ಹಾಗೂ ಗ್ರಂಥರಚನೆಗಾಗಿ ತಮ್ಮ ಬಳಿ ಇರಿಸಿಕೊಳ್ಳಬಹುದೆಂಬ ಅನುಮತಿಪತ್ರವೊಂದು ಅವರಿಗೆ ದೊರಕಿತು. ಇದರ ಬಲದಿಂದ ಅಪಾರ ಸಾಮಗ್ರಿ ಅಮೆರಿಕಕ್ಕೆ ಸಾಗಿತು. ಅದು ಫಿಲಡೆಲ್ಫಿಯಾ ನಗರದ ಸಮೀಪದ ಲಾನ್ಸ್‌ಡೌನ್ ಎಂಬ ಊರಿನ ಅವರ ಮನೆಯನ್ನು ಸೇರಿತು. ದಿನಚರಿಯ ಹಾಳೆಗಳೂ ಅದರಲ್ಲಿದ್ದುವು. ಉಪಯೋಗಿಸಲು ಕೊಟ್ಟ ಅನುಮತಿ ಒಡೆತನವನ್ನು ಕೊಡುವುದಿಲ್ಲ ಎಂಬ ಸೂಕ್ಷ್ಮವಾದ ಭೇದ ಅಂದೇ ಮರೆಯಾಯಿತು. ಸರ್ಕಾರವು ವಶಪಡಿಸಿಕೊಂಡು ನ್ಯಾಯಾಲಯದ ಕಾರ್ಯಕ್ಕೆಂದು ಇರಿಸಿದ್ದ ದಾಖಲೆ ಒಬ್ಬ ವ್ಯಕ್ತಿಯ ಗೃಹಸಾಮಗ್ರಿಗಳಲ್ಲಿ ಬೆರೆತುಹೋಯಿತು.

ಆನಂತರದ ನಾಲ್ಕು ದಶಕಗಳ ಕಾಲ ಕೆಂಪ್ನರ್ ಅವರು ಫ್ರಾಂಕ್‌ಫರ್ಟಿನಲ್ಲಿ ವಕೀಲರಾಗಿದ್ದು ನಾಟ್ಸಿಗಳಿಂದ ನೊಂದವರ ಪರವಾಗಿ ವಾದಿಸಿದರು. ಅನೇಕ ಗ್ರಂಥಗಳನ್ನು ಬರೆದರು. ಅವರ ನ್ಯಾಯನಿಷ್ಠೆಯಲ್ಲಿ ಸಂದೇಹಕ್ಕೆಡೆಯಿಲ್ಲ. ಆದರೆ ದಿನಚರಿಯ ಕೆಲವೇ ಭಾಗಗಳನ್ನು ಅವರು ತಮ್ಮ ಬರೆಹಗಳಲ್ಲಿ ಬಳಸಿಕೊಂಡರು. 1956ರಲ್ಲಿ ಜರ್ಮನ್ ಇತಿಹಾಸಕಾರ ಹಾನ್ಸ್ ಗ್ಯುಂಥರ್ ಸೆರಾಫಿಮ್ ಅವರು ಪ್ರಕಟಿಸಿದ ಆವೃತ್ತಿಯಲ್ಲಿ 1934-35 ಮತ್ತು 1939-40ರ ಬರೆಹಗಳು ಮಾತ್ರ ಇದ್ದುವು. ಪೂರ್ವಪ್ರದೇಶಗಳಲ್ಲಿ ಸಂಹಾರಕಾರ್ಯ ನಡೆದ 1941 ಮತ್ತು ಅನಂತರದ ವರ್ಷಗಳ ಹಾಳೆಗಳು ವಿದ್ವಾಂಸರಿಗೆ ಅಲಭ್ಯವಾಗಿಯೇ ಉಳಿದುವು. ಯುದ್ಧದ ಇತಿಹಾಸವನ್ನು ಕುರಿತ ಬೃಹದ್ಗ್ರಂಥಗಳು ಇದೇ ಕಾಲದಲ್ಲಿ ರಚಿತವಾದುವು. ರೋಸೆನ್‌ಬರ್ಗನು ಅಧಿಕಾರದ ಪೈಪೋಟಿಯಲ್ಲಿ ಸೋತ, ಕೈಲಾಗದ ಸಿದ್ಧಾಂತಿ ಎಂಬ ಅಭಿಪ್ರಾಯ ಬೇರೂರಿದ್ದೂ ಇದೇ ಅವಧಿಯಲ್ಲಿ.

1993ರ ಆಗಸ್ಟ್ 15ರಂದು ಕೆಂಪ್ನರ್ ಅವರು 93ನೆಯ ವಯಸ್ಸಿನಲ್ಲಿ ನಿಧನರಾದರು. ಅದೇ ವರ್ಷದ ಏಪ್ರಿಲ್‌ನಲ್ಲಿ ವಾಷಿಂಗ್ಟನ್ ನಗರದಲ್ಲಿ ಯೆಹೂದಿಗಳ ಹತ್ಯಾಕಾಂಡದ ಸ್ಮಾರಕ ವಸ್ತುಸಂಗ್ರಹಾಲಯ ಪ್ರಾರಂಭವಾಗಿತ್ತು. ತಂದೆಯ ಕಾಗದಪತ್ರಗಳನ್ನು ಆ ಸಂಸ್ಥೆಗೆ ಒಪ್ಪಿಸಲು ಮಕ್ಕಳು ಸಮ್ಮತಿಸಿದರು. ಮನೆತನದ ಸಂಗ್ರಹವೊಂದನ್ನು ಸ್ವೀಕರಿಸುವುದು ಗಾಡಿಗೆ ಪೆಟ್ಟಿಗೆಗಳನ್ನು ಹೇರಿಕೊಂಡು ಬರುವಷ್ಟು ಸುಲಭದ ಕೆಲಸವಲ್ಲ. ವಾರಸುದಾರರು ಯಾರು, ದಾನಮಾಡುವ ಹಕ್ಕು ಯಾರಿಗಿದೆ ಎಂಬುದು ಮೊದಲು ನಿರ್ಣಯವಾಗಬೇಕು. ದಾನಪತ್ರ ಸಿದ್ಧವಾಗಬೇಕು. ಯಾವ ಕೋಣೆಯ ಯಾವ ಪೆಟ್ಟಿಗೆಯಲ್ಲಿ ಏನಿತ್ತೆಂಬ ಪಟ್ಟಿ ಸ್ಥಳದಲ್ಲಿಯೇ ತಯಾರಾಗಬೇಕು. ಪತ್ರಾಗಾರ ಶಾಸ್ತ್ರಕ್ಕೆ ಎರಡು ಮೂಲಸೂತ್ರಗಳಿವೆ: ಒಬ್ಬರ ಕಾಗದಗಳನ್ನು ಇನ್ನೊಬ್ಬರವುಗಳೊಡನೆ ಬೆರೆಸಬಾರದು; ಇಟ್ಟವರು ಇಟ್ಟ ಕ್ರಮವನ್ನು ಕೆಡಿಸಬಾರದು. ಒಂದು ಖಾಸಗಿ ಪತ್ರ ಯಾವ ಕಡತದ ಪಕ್ಕದಲ್ಲಿತ್ತೆಂಬುದೇ ಕೆಲವೊಮ್ಮೆ ಆ ಪತ್ರದ ಅರ್ಥವನ್ನು ತಿಳಿಸಬಲ್ಲುದು. ಕೆಂಪ್ನರ್ ಅವರಂತಹ ಅಧಿಕಾರಿಯ ಮನೆಯಲ್ಲಿ ಇವೆಲ್ಲದರ ಮೇಲೆ ಇನ್ನೊಂದು ಪ್ರಶ್ನೆ ಇರುತ್ತದೆ: ಇಲ್ಲಿರುವುದರಲ್ಲಿ ಮನೆಯವರದು ಯಾವುದು, ರಾಜ್ಯದ ಸೊತ್ತು ಯಾವುದು?

ಈ ವಿವೇಚನೆಗೆ ಬೇಕಾದ ಶಾಂತಿ ಅಲ್ಲಿ ದೊರಕಲಿಲ್ಲ. ಮಕ್ಕಳು, ಹಳೆಯ ಕಾರ್ಯದರ್ಶಿ, ವಸ್ತುಸಂಗ್ರಹಾಲಯ, ಕೊನೆಗೆ ಮನೆಯ ಕಸಕಡ್ಡಿಯನ್ನು ತೆರವು ಮಾಡಿದ ಗುತ್ತಿಗೆದಾರ — ಹೀಗೆ ಹಲವರ ನಡುವೆ ಸುಮಾರು ಒಂದು ದಶಕ ಕಾಲ ವಿವಾದ ಬೆಳೆಯಿತು. 1999ರಲ್ಲಿ ವಸ್ತುಸಂಗ್ರಹಾಲಯದವರು ಸಂಗ್ರಹವನ್ನು ಕೊಂಡೊಯ್ಯಲು ಮನೆಗೆ ಬಂದಾಗ ಸಹಸ್ರಾರು ಪುಟಗಳು ಕಾಣೆಯಾಗಿದ್ದುವು. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ವಿಚಾರಣೆ ಕೈಗೊಂಡಿತು. ಯಾರ ಮೇಲೂ ಮೊಕದ್ದಮೆ ಹೂಡಲಿಲ್ಲ. ಕ್ರಮೇಣ 1,50,000ಕ್ಕೂ ಹೆಚ್ಚು ದಾಖಲೆಗಳು ಕೈಸೇರಿದುವು. ಆದರೂ ರೋಸೆನ್‌ಬರ್ಗನ ದಿನಚರಿ ಮಾತ್ರ ಅವುಗಳಲ್ಲಿರಲಿಲ್ಲ.

ವಸ್ತುಸಂಗ್ರಹಾಲಯದ ಪ್ರಧಾನ ದಾಖಲೆಪಾಲಕ ಹೆನ್ರಿ ಮೇಯರ್ ಅವರು ಈ ಶೋಧವನ್ನು ಕೈಬಿಡಲಿಲ್ಲ. ದಿನಚರಿ ಇತ್ತೆಂಬುದಕ್ಕೆ ಕೆಂಪ್ನರ್ ಅವರ ಬರೆಹಗಳೇ ಸಾಕ್ಷಿಯಾಗಿದ್ದುವು. ಇದ್ದ ವಸ್ತು ಎಲ್ಲಿಯಾದರೂ ಇರಲೇಬೇಕು. ಕೊನೆಗೆ ಆ ಹಾಳೆಗಳು ನ್ಯೂಯಾರ್ಕ್ ರಾಜ್ಯದಲ್ಲಿ ಪತ್ತೆಯಾಗಿ 2013ರಲ್ಲಿ ಸರ್ಕಾರದ ವಶಕ್ಕೆ ಬಂದುವು. ಅದೇ ವರ್ಷದ ಜೂನ್ 13ರಂದು ಈ ಸುದ್ದಿಯನ್ನು ಬಹಿರಂಗಪಡಿಸಲಾಯಿತು. ಡಿಸೆಂಬರ್‌ನಲ್ಲಿ ದಿನಚರಿಯನ್ನು ವಸ್ತುಸಂಗ್ರಹಾಲಯಕ್ಕೆ ವಿಧಿವತ್ತಾಗಿ ಒಪ್ಪಿಸಲಾಯಿತು. 1936ರ ವಸಂತದಿಂದ 1944ರ ಚಳಿಗಾಲದವರೆಗಿನ ಸುಮಾರು 400 ಬಿಡಿಹಾಳೆಗಳವು, ಹೆಚ್ಚಿನವು ಕೈಬರೆಹದವು. 2015ರಲ್ಲಿ ಯುರ್ಗೆನ್ ಮಾಥ್ಯೂಸ್ ಮತ್ತು ಫ್ರಾಂಕ್ ಬಾಯೋರ್ ಎಂಬ ಇತಿಹಾಸಕಾರರು ಅವನ್ನು ಟಿಪ್ಪಣಿಗಳೊಡನೆ ಸಂಪಾದಿಸಿ ಪ್ರಕಟಿಸಿದರು.

ದಿನಚರಿಯಲ್ಲಿ ದೊರೆತದ್ದೇನು? ಗೊಬೆಲ್ಸ್, ರಿಬೆನ್‌ಟ್ರೋಪ್ ಮೊದಲಾದವರ ಮೇಲಿನ ಮತ್ಸರ, ಹಿಟ್ಲರನ ಒಂದೊಂದು ಮೆಚ್ಚುಗೆಯ ಮಾತಿನಿಂದಾದ ಸಂತೋಷ, ಕ್ರೈಸ್ತ ಚರ್ಚಿನ ಮೇಲಿನ ಹಗೆ — ಇವು ಪುಟಪುಟಗಳಲ್ಲಿ ಹರಡಿವೆ. ಸಂಹಾರಕಾರ್ಯದ ನೇರ ವಿವರಗಳನ್ನು ನಿರೀಕ್ಷಿಸಿದವರಿಗೆ ನಿರಾಶೆಯಾಯಿತು. ಆದರೆ ಮೌನವೂ ಒಂದು ಸಾಕ್ಷ್ಯವೇ. 1941ರ ಏಪ್ರಿಲ್ 2ರಂದು ಹಿಟ್ಲರನೊಡನೆ ಪೂರ್ವಪ್ರದೇಶಗಳನ್ನು ಕುರಿತು ನಡೆದ ದೀರ್ಘ ಸಮಾಲೋಚನೆಯನ್ನು ದಾಖಲಿಸುವಾಗ ರೋಸೆನ್‌ಬರ್ಗನು ಒಂದು ಸಂಗತಿಯನ್ನು ಬರೆಯಲಾರೆನೆಂದೂ ಅದನ್ನೆಂದಿಗೂ ಮರೆಯುವುದಿಲ್ಲವೆಂದೂ ಸೂಚಿಸಿ ಲೇಖನಿಯನ್ನು ತಡೆಹಿಡಿದಿದ್ದಾನೆ. ಆ ಮಾತು ಯಾವುದೆಂಬುದು ವಿದ್ವಾಂಸರ ಜಿಜ್ಞಾಸೆಗೆ ವಸ್ತುವಾಗಿದೆ. ಸೋವಿಯೆತ್ ದೇಶದ ಮೇಲಿನ ಆಕ್ರಮಣಕ್ಕೆ ಮೂರು ತಿಂಗಳ ಮೊದಲಿನ ಈ ಮೌನ, ಅವನು ಏನನ್ನೂ ಅರಿಯದ ಕನಸಿಗನಾಗಿದ್ದನೆಂಬ ವಾದವನ್ನು ದುರ್ಬಲಗೊಳಿಸುತ್ತದೆ. ಯೆಹೂದಿಗಳ ಸಂಹಾರನೀತಿಯ ರೂಪಣೆಯಲ್ಲಿ ಅವನ ಪಾತ್ರ ಹಿಂದೆ ತಿಳಿದುದಕ್ಕಿಂತ ದೊಡ್ಡದಾಗಿತ್ತೆಂಬುದು ಸಂಪಾದಕರ ನಿರ್ಣಯ. ಈ ಮರುಪರಿಶೀಲನೆ ಅರ್ಧ ಶತಮಾನದ ಹಿಂದೆಯೇ ಸಾಧ್ಯವಿತ್ತು. ನೊಂದು ಬದುಕುಳಿದವರಲ್ಲಿ ಅನೇಕರು ಅಂದು ಇನ್ನೂ ಜೀವಂತರಾಗಿದ್ದರು.

ಕೆಂಪ್ನರ್ ಅವರನ್ನು ಹೇಗೆ ತೂಗಬೇಕು? ಅವರು ಚೋರರಲ್ಲ, ಅವರ ಬಳಿ ಅನುಮತಿಪತ್ರವಿತ್ತು. ದಾಖಲೆಯನ್ನು ನಾಶವಾಗದಂತೆ ಕಾಪಾಡಿದವರೂ ಅವರೇ. ಆದರೆ ಕಾಪಾಡುವುದು ಒಂದು, ಕಾಯ್ದಿರಿಸಿಕೊಳ್ಳುವುದು ಇನ್ನೊಂದು. ತಮ್ಮ ಗ್ರಂಥರಚನೆಗೆಂದು ಇರಿಸಿಕೊಂಡ ಸಾಮಗ್ರಿ ತಮ್ಮ ಆಯುಷ್ಯದ ಎಲ್ಲೆಯೊಳಗೆ ಮುಗಿಯದೆಂದು ತಿಳಿದಾಗ, ಅದನ್ನು ಪತ್ರಾಗಾರಕ್ಕೆ ಒಪ್ಪಿಸುವುದು ಅಥವಾ ಇಂಥದು ಇಲ್ಲಿದೆಯೆಂದು ಪಟ್ಟಿಮಾಡಿಡುವುದು ಅವರ ಕರ್ತವ್ಯವಾಗಿತ್ತು. ಆ ಒಂದು ಪಟ್ಟಿಯಿದ್ದಿದ್ದರೆ ಅವರ ಮರಣಾನಂತರದ ಇಪ್ಪತ್ತು ವರ್ಷಗಳ ವಿವಾದಕ್ಕೂ ಅಲೆದಾಟಕ್ಕೂ ಬಹುಮಟ್ಟಿಗೆ ಅವಕಾಶವಿರುತ್ತಿರಲಿಲ್ಲ. ವಸ್ತುವಿನ ಮೇಲಣ ಪ್ರೀತಿಯೇ ಅದಕ್ಕೆ ಆವರಣವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಮನೆತನದ ಪೆಟ್ಟಿಗೆಗಳಲ್ಲಿ ಇತಿಹಾಸ ಸುರಕ್ಷಿತವಾಗಿರುವುದು ಅದನ್ನು ಬಲ್ಲವರು ಬದುಕಿರುವ ತನಕ ಮಾತ್ರ. ಅವರು ಕಣ್ಮರೆಯಾದ ಮೇಲೆ ಒಂದೊಂದು ಕಟ್ಟೂ ಯಾರಿಗೋ ಸ್ಮರಣಿಕೆ, ಯಾರಿಗೋ ಸರಕು, ಮನೆ ತೆರವು ಮಾಡುವವನಿಗೆ ಕೇವಲ ಭಾರ. ಇದು ಮಂತ್ರಿಗಳ ಮತ್ತು ಅಭಿಯೋಜಕರ ಮನೆಗಳಿಗಷ್ಟೇ ಅನ್ವಯಿಸುವ ಮಾತಲ್ಲ. ಹಿರಿಯರ ಕಾಗದಪತ್ರಗಳುಳ್ಳ ಯಾವ ಗೃಹಸ್ಥನಾದರೂ ಬಾಳಿನ ಸಂಜೆಗೆ ಮುನ್ನ ಮಾಡಬೇಕಾದ ಕೆಲಸವಿಷ್ಟೆ: ಕಟ್ಟಿನ ಕ್ರಮವನ್ನು ಕೆಡಿಸದಿರುವುದು, ಅದರ ಮೇಲೆ ಅದರ ಹೆಸರನ್ನು ಬರೆಯುವುದು, ತನ್ನದಲ್ಲದ್ದನ್ನು ಅದರ ಒಡೆಯರಿಗೆ ತಲುಪಿಸುವುದು. ರೋಸೆನ್‌ಬರ್ಗನ ಹಾಳೆಗಳು ಸಿಕ್ಕಿದ್ದು ಒಬ್ಬ ದಾಖಲೆಪಾಲಕರ ಹಟದಿಂದ. ಇಂತಹ ಹಟವಾದಿಗಳು ಹಿಂದೆ ಬೀಳದೆ ಹೋದ ಕಟ್ಟುಗಳು ಎಷ್ಟೆಂಬುದನ್ನು ಲೆಕ್ಕವಿಟ್ಟವರಿಲ್ಲ.