ಪ್ರೊಬೇಷನ್ (ಅಪರಾಧ ಕಾನೂನು)

ಅಪರಾಧ ಸಾಬೀತಾದವರನ್ನು ಜೈಲಿಗೆ ಕಳಿಸದೆ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು, ಅಗತ್ಯವಿದ್ದರೆ ಅಧಿಕಾರಿಯೊಬ್ಬರ ಮೇಲ್ವಿಚಾರಣೆಗೆ ಒಪ್ಪಿಸಿ ಬಿಡುಗಡೆ ಮಾಡುವ ವ್ಯವಸ್ಥೆ. ಇದು ಖುಲಾಸೆಯಲ್ಲ, ಕ್ಷಮಾದಾನವೂ ಅಲ್ಲ. ಶಿಕ್ಷೆಯ ನಡುವೆ ಹೊರಗೆ ಬಿಡುವ ಪೆರೋಲ್ ಕೂಡ ಬೇರೆಯೇ. ಹೊಸ ನೌಕರರ ಪ್ರೊಬೇಷನರಿ ಅವಧಿ ಸೇವಾ ನಿಯಮಗಳಿಗೆ ಸೇರಿದ್ದು. ಕರ್ನಾಟಕದ ಸರ್ಕಾರಿ ನೌಕರರ ಮಟ್ಟಿಗೆ ಅದು 1977ರ ನಿಯಮಗಳ ವಿಷಯ.

ಈ ಪದ್ಧತಿಯನ್ನು ಶುರುಮಾಡಿದವರು ನ್ಯಾಯಾಧೀಶರೂ ಅಲ್ಲ, ಶಾಸಕರೂ ಅಲ್ಲ. ಅಮೆರಿಕದ ಬಾಸ್ಟನ್ ನಗರದಲ್ಲಿ ಬೂಟು ಹೊಲಿಸುವ ಅಂಗಡಿ ಇಟ್ಟುಕೊಂಡಿದ್ದ ಜಾನ್ ಆಗಸ್ಟಸ್. 1841ರ ಆಗಸ್ಟ್‌ನಲ್ಲಿ ಪೊಲೀಸ್ ಕೋರ್ಟಿಗೆ ಹೋಗಿದ್ದಾಗ ಚಿಂದಿ ಬಟ್ಟೆಯ ಕುಡುಕನೊಬ್ಬನನ್ನು ಕಟಕಟೆಗೆ ತಂದರು. ಆಗಸ್ಟಸ್ ಅವನೊಡನೆ ನಾಲ್ಕು ಮಾತಾಡಿ, ಕುಡಿತ ಬಿಡುವುದಾಗಿ ಒಪ್ಪಿಸಿ, ತಾವೇ ಜಾಮೀನು ನಿಂತರು. ಮೂರು ವಾರ ಕಳೆದು ಅದೇ ಮನುಷ್ಯ ಕೋರ್ಟಿಗೆ ಬಂದಾಗ ಗುರುತು ಸಿಗದಷ್ಟು ಬದಲಾಗಿದ್ದ. ನ್ಯಾಯಾಧೀಶರು ಹಾಕಿದ ದಂಡ ಒಂದೇ ಸೆಂಟ್. ಅದರ ಮೇಲೆ ಕೋರ್ಟು ಖರ್ಚು. 1858ರ ವೇಳೆಗೆ ಆಗಸ್ಟಸ್ 1,946 ಜನರಿಗೆ ಹೀಗೆ ಜಾಮೀನು ನಿಂತಿದ್ದರು. ಕೋರ್ಟಿನ ಸಿಬ್ಬಂದಿಗೆ ಮಾತ್ರ ಅವರನ್ನು ಕಂಡರಾಗುತ್ತಿರಲಿಲ್ಲ. ಜೈಲಿಗೆ ಹೋಗುವ ಒಬ್ಬೊಬ್ಬ ಕೈದಿಯ ಲೆಕ್ಕದಲ್ಲಿ ಸಿಬ್ಬಂದಿಗೆ ಫೀಜು ಸಿಗುತ್ತಿತ್ತು. ಆಗಸ್ಟಸ್ ಬಿಡಿಸಿಕೊಂಡಷ್ಟೂ ಅವರ ಆದಾಯಕ್ಕೆ ಕತ್ತರಿ. ದಯೆಗೆ ಎದುರಾಗುವ ತಕರಾರುಗಳ ಬುಡದಲ್ಲಿ ಎಷ್ಟೋ ಸಲ ಇಂಥ ಚಿಲ್ಲರೆ ಲೆಕ್ಕಗಳೇ ಇರುತ್ತವೆ.

ಆಗಸ್ಟಸ್ 1859ರಲ್ಲಿ ತೀರಿಕೊಂಡರು. ಮ್ಯಾಸಚೂಸೆಟ್ಸ್ ರಾಜ್ಯ 1878ರಲ್ಲಿ ಕಾನೂನು ಮಾಡಿ ಬಾಸ್ಟನ್ನಿಗೆ ಸಂಬಳದ ಪ್ರೊಬೇಷನ್ ಅಧಿಕಾರಿಯನ್ನು ಕೊಟ್ಟಿತು. ಇಂಗ್ಲೆಂಡಿನಲ್ಲಿ ಈ ಕೆಲಸಕ್ಕೆ 1876ರಲ್ಲಿ ಕೈಹಾಕಿದ್ದು ಚರ್ಚಿನ ಮದ್ಯಪಾನ ವಿರೋಧಿ ಸಂಘ. 1907ರ ಕಾಯಿದೆ ಅದಕ್ಕೆ ಸರ್ಕಾರಿ ರೂಪ ಕೊಟ್ಟು, ಅಪರಾಧಿಗೆ ಬುದ್ಧಿ ಹೇಳುವುದು, ನೆರವಾಗುವುದು, ಸ್ನೇಹಿತನಂತೆ ಜೊತೆಗಿರುವುದು ಅಧಿಕಾರಿಯ ಕರ್ತವ್ಯವೆಂದು ಬರೆಯಿತು.

ಭಾರತದಲ್ಲಿ 1898ರ ದಂಡ ಪ್ರಕ್ರಿಯಾ ಸಂಹಿತೆಯ 562ನೇ ಕಲಂ ಮೊದಲ ಬಾರಿ ತಪ್ಪು ಮಾಡಿದವರನ್ನು ಮುಚ್ಚಳಿಕೆಯ ಮೇಲೆ ಬಿಡಲು ಅವಕಾಶ ಕೊಟ್ಟಿತ್ತು. ಆದರೆ ಬಿಟ್ಟವರ ಯೋಗಕ್ಷೇಮ ನೋಡಲು ಅಧಿಕಾರಿಯೇ ಇರಲಿಲ್ಲ. ಆ ಕೊರತೆ ತುಂಬಲು ಮದ್ರಾಸ್ 1936ರಲ್ಲಿ, ಬೊಂಬಾಯಿ 1938ರಲ್ಲಿ ತಮ್ಮವೇ ಕಾಯಿದೆ ಮಾಡಿಕೊಂಡವು. ಇಂದಿನ ಕರ್ನಾಟಕದ ದಕ್ಷಿಣ ಕನ್ನಡ, ಬಳ್ಳಾರಿ ಆಗ ಮದ್ರಾಸಿಗೂ, ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಬೊಂಬಾಯಿಗೂ ಸೇರಿದ್ದವು.

ಇಡೀ ದೇಶವನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದದ್ದು 1958ರ ಅಪರಾಧಿಗಳ ಪ್ರೊಬೇಷನ್ ಅಧಿನಿಯಮ. 3ನೇ ಕಲಂ ಪ್ರಕಾರ ಸಣ್ಣಪುಟ್ಟ ಅಪರಾಧಕ್ಕೆ ಎಚ್ಚರಿಕೆ ಕೊಟ್ಟು ಕಳಿಸಬಹುದು. 4ನೆಯದರಲ್ಲಿ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಗುರಿಯಾಗದ ಅಪರಾಧಗಳಿಗೆ ಮೂರು ವರ್ಷದವರೆಗಿನ ಮುಚ್ಚಳಿಕೆ. ಕಾಯಿದೆಯ ಜೀವಾಳ ಮಾತ್ರ 6ನೇ ಕಲಂ: 21 ವರ್ಷ ತುಂಬದವರನ್ನು ಜೈಲಿಗೆ ಕಳಿಸಲೇಬೇಕಾದರೆ ಕೋರ್ಟು ಪ್ರೊಬೇಷನ್ ಅಧಿಕಾರಿಯ ವರದಿ ತರಿಸಿಕೊಂಡು ಕಾರಣ ಬರೆದಿಡಬೇಕು. ಬಿಡುಗಡೆಯಾದವರಿಗೆ ತಕ್ಕ ಕೆಲಸ ಹುಡುಕಿಕೊಡಲು ಯತ್ನಿಸುವುದೂ ಈ ಅಧಿಕಾರಿಯ ಹೊಣೆ. ವಿಚಾರಣಾ ಕೋರ್ಟಿನಲ್ಲಿ ಕೇಳದಿದ್ದರೂ ಮೇಲ್ಮನವಿಯ ಹಂತದಲ್ಲಿ ಈ ಸೌಲಭ್ಯ ಕೊಡಬಹುದೆಂದು ರತನ್‌ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿ ಅಪರಾಧಿ 16 ವರ್ಷದ ಹುಡುಗ.

ಎಲ್ಲ ತಪ್ಪಿಗೂ ಈ ಔದಾರ್ಯವಿಲ್ಲ. ಅಡ್ಡಾದಿಡ್ಡಿ ವಾಹನ ಓಡಿಸಿ ಜೀವ ತೆಗೆದವರಿಗೆ ಪ್ರೊಬೇಷನ್ ಸಲ್ಲದೆಂದು 2000ದ ದಲ್ಬೀರ್ ಸಿಂಗ್ ತೀರ್ಪು ಖಡಾಖಂಡಿತವಾಗಿ ಹೇಳಿದೆ.

ಕಾಯಿದೆಯ 12ನೇ ಕಲಂ ಓದಿ ನೌಕರಿ ಉಳಿಯಿತೆಂದು ನೆಮ್ಮದಿಪಡುವವರುಂಟು. ಶಿಕ್ಷೆಯೊಂದಿಗೆ ಅಂಟಿಕೊಂಡು ಬರುವ ಅನರ್ಹತೆಯನ್ನು ಅದು ತೆಗೆದುಹಾಕುವುದು ನಿಜ. ಆದರೆ ಅಪರಾಧಕ್ಕೆ ಕಾರಣವಾದ ದುರ್ನಡತೆಗಾಗಿ ಇಲಾಖೆ ಶಿಸ್ತುಕ್ರಮ ಕೈಗೊಳ್ಳುವುದನ್ನು ಈ ಕಲಂ ತಡೆಯುವುದಿಲ್ಲವೆಂದು 1990ರ ಬಕ್ಷಿ ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಜೈಲು ತಪ್ಪಿಸಿಕೊಂಡ ಸರ್ಕಾರಿ ನೌಕರ ಕೆಲಸ ಕಳೆದುಕೊಳ್ಳಬಹುದು.