ಇಟ್ಟಿಗೆ ಸುಟ್ಟ ಹುಡುಗರು

ಇಂಜಿನಿಯರಿಂಗ್ ಓದುವಾಗ ಕೊನೆಯ ಬೆಂಚಿನ ಮೇಲೆ ಕೈವಾರದ ಮೊನೆಯಿಂದ ನನ್ನ ಹೆಸರು ಕೆತ್ತಿದ್ದೆ. ತಪ್ಪು ಅಂತ ಅನ್ನಿಸಿರಲೇ ಇಲ್ಲ. ಮೊನ್ನೆ ಬುಕರ್ ಟಿ. ವಾಷಿಂಗ್ಟನ್ನರ ಆತ್ಮಕಥೆ ಓದುತ್ತಿದ್ದಾಗ ಆ ಬೆಂಚು ನೆನಪಾಯಿತು.

ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ 1881ರಲ್ಲಿ ಕಪ್ಪು ಜನಾಂಗದ ಹುಡುಗ ಹುಡುಗಿಯರಿಗಾಗಿ ಒಂದು ಶಾಲೆ ಶುರುವಾಯಿತು. ಗುಲಾಮಗಿರಿ ಮುಗಿದು ಆಗಿನ್ನೂ ಹದಿನಾರು ವರ್ಷ. ಮುಖ್ಯಸ್ಥರಾದ ವಾಷಿಂಗ್ಟನ್ನರೂ ಗುಲಾಮರಾಗಿಯೇ ಹುಟ್ಟಿದವರು. ಶಾಲೆಗೆ ಸ್ವಂತ ಕಟ್ಟಡವಿಲ್ಲ, ದುಡ್ಡಿಲ್ಲ, ಊರಲ್ಲಿ ಇಟ್ಟಿಗೆ ಗೂಡೂ ಇಲ್ಲ. ಸರಿ, ಇಟ್ಟಿಗೆಯನ್ನು ವಿದ್ಯಾರ್ಥಿಗಳೇ ಮಾಡಲಿ ಅಂದರು.

ಮೊಣಕಾಲುದ್ದ ಕೆಸರಲ್ಲಿ ನಿಂತು ಜೇಡಿಮಣ್ಣು ತೆಗೆಯೋದು ಯಾರಿಗೆ ತಾನೇ ಇಷ್ಟ? ಕೆಲವರು ಬೇಸತ್ತು ಶಾಲೆಯನ್ನೇ ಬಿಟ್ಟು ಹೋದರು. ಮೊದಲ ಗೂಡಿಗೆ ಸುಮಾರು 25,000 ಇಟ್ಟಿಗೆ ಜೋಡಿಸಿದ್ದರು, ಸರಿಯಾಗಿ ಬೇಯಲಿಲ್ಲ. ಎರಡನೆಯದೂ ಹಾಳಾಯಿತು. ಮೂರನೆಯದು ಇನ್ನೇನು ಮುಗಿಯಿತು ಅನ್ನುವಾಗ ನಡುರಾತ್ರಿ ಕುಸಿದು ಬಿತ್ತು. (ನಮ್ಮ ಆಫೀಸಿನಲ್ಲಾಗಿದ್ದರೆ ಅಷ್ಟರಲ್ಲಿ ಪ್ರಾಜೆಕ್ಟನ್ನೇ ಮುಚ್ಚಿರುತ್ತಿದ್ದರು ಬಿಡಿ!) ವಾಷಿಂಗ್ಟನ್ ತಮ್ಮ ಗಡಿಯಾರವನ್ನು ಮಾಂಟ್‌ಗೊಮರಿಯಲ್ಲಿ 15 ಡಾಲರಿಗೆ ಗಿರವಿ ಇಟ್ಟು ನಾಲ್ಕನೇ ಸಲ ಸುಡಿಸಿದರು. ಇಟ್ಟಿಗೆ ಬೆಂದಿತು. ಗಡಿಯಾರ ಮಾತ್ರ ಮರಳಿ ಬರಲಿಲ್ಲ.

ಹುಡುಗರ ಕೂಲಿ ಊಟ, ವಸತಿಯ ಲೆಕ್ಕಕ್ಕೆ ಜಮಾ ಆಗುತ್ತಿತ್ತು. ತೀರಾ ಬಡವರಿಗೆಂದು 1884ರಲ್ಲಿ ರಾತ್ರಿ ಶಾಲೆ ತೆರೆದರು. ಹಗಲು ಹತ್ತು ಗಂಟೆ ದುಡಿಮೆ, ರಾತ್ರಿ ಎರಡು ಗಂಟೆ ಓದು. ಉಳಿದ ಕೂಲಿ ಮುಂದೆ ಹಗಲಿನ ಶಾಲೆಗೆ ಸೇರಿದಾಗಿನ ಖರ್ಚಿಗೆ. ನಮ್ಮ ಮಕ್ಕಳಿಗೆ ಪುಸ್ತಕ ಸಾಕು, ಕೆಲಸ ಬೇಡ ಅಂತ ಎಷ್ಟೋ ಅಪ್ಪ ಅಮ್ಮಂದಿರು ಪ್ರತಿಭಟಿಸಿದರು. ವಾಷಿಂಗ್ಟನ್ ಜಗ್ಗಲಿಲ್ಲ. ನನಗೇನೋ ಆ ಅಪ್ಪ ಅಮ್ಮಂದಿರ ಮಾತೂ ಸರಿ ಅನ್ನಿಸುತ್ತೆ. ಗುಲಾಮಗಿರಿಯಲ್ಲಿ ಬೆನ್ನು ಸವೆಸಿದವರು, ಮಕ್ಕಳೂ ಮಣ್ಣು ಹೊರಲಿ ಅಂತ ಶಾಲೆಗೆ ಕಳಿಸಿರುತ್ತಾರಾ?

1892ರಲ್ಲಿ ರಾಬರ್ಟ್ ಟೇಲರ್ ಬಂದರು, ಎಂಐಟಿಯಲ್ಲಿ ವಾಸ್ತುಶಿಲ್ಪ ಓದಿ ಪದವಿ ಪಡೆದ ಮೊದಲ ಕಪ್ಪು ವ್ಯಕ್ತಿ. ಆಮೇಲೆ ನಕ್ಷೆ ಅವರದು, ಕೈ ವಿದ್ಯಾರ್ಥಿಗಳದು. 1901ರಲ್ಲಿ ಪುಸ್ತಕವಾಗಿ ಬಂದ ಆತ್ಮಕಥೆಯಲ್ಲಿ ವಾಷಿಂಗ್ಟನ್ ಕೊಡುವ ಲೆಕ್ಕದಂತೆ ಒಟ್ಟು 40 ಕಟ್ಟಡ. ನಾಲ್ಕನ್ನು ಬಿಟ್ಟರೆ ಉಳಿದವೆಲ್ಲ ಬಹುಮಟ್ಟಿಗೆ ವಿದ್ಯಾರ್ಥಿಗಳೇ ಕಟ್ಟಿದ್ದು.

ಅಲ್ಲೇ ಇನ್ನೊಂದು ಸಂಗತಿ ಬರುತ್ತೆ. ಹೊಸದಾಗಿ ಬಂದವನು ಗೋಡೆಯ ಮೇಲೆ ಪೆನ್ಸಿಲ್ಲಿನಿಂದ ಗೀಚಲೋ ಚಾಕುವಿನಿಂದ ಕೆತ್ತಲೋ ಹೊರಟರೆ ಹಳೆಯ ವಿದ್ಯಾರ್ಥಿ ತಡೆಯುತ್ತಿದ್ದನಂತೆ, ಇದು ನಮ್ಮ ಕಟ್ಟಡ, ನಾನೂ ಕೈ ಹಾಕಿ ಕಟ್ಟಿದ್ದು ಅಂತ.

ನನ್ನ ಬೆಂಚನ್ನು ಮಾಡಿದ ಬಡಗಿ ಯಾರೋ. ನಾಲ್ಕು ವರ್ಷ ಅದರ ಮೇಲೆ ಕೂತಿದ್ದರೂ ಒಮ್ಮೆಯೂ ಕೇಳಿರಲಿಲ್ಲ.