ಶಾಂತಿಯ ಹಿಂದೆ ಬಂದ ಮತಪೆಟ್ಟಿಗೆ



ಅಕ್ಟೋಬರ್ 4 ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ. ಅದೇ ತಿಂಗಳ 23ರಂದು ನಮ್ಮ ಭಾಗದಲ್ಲಿ ಕಿತ್ತೂರು ಉತ್ಸವ ಆರಂಭವಾಗುತ್ತದೆ. ಒಂದು ಶಾಂತಿಯ ಹಬ್ಬ, ಇನ್ನೊಂದು ಕಾಳಗದ ನೆನಪು. ನಾಡನ್ನು ಯಾರು ಆಳಬೇಕೆಂದು ತೀರ್ಮಾನಿಸುವವರು ಯಾರು, ಅದರಲ್ಲಿ ಹೊರಗಿನವರ ಪಾತ್ರ ಎಷ್ಟು ಎಂಬ ಪ್ರಶ್ನೆಯನ್ನು ಎರಡೂ ನಮ್ಮ ಮುಂದಿಡುತ್ತವೆ.

1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ಸಂತಾನವಿಲ್ಲದೆ ತೀರಿಕೊಂಡಾಗ, ಅವನ ದತ್ತುಪುತ್ರನನ್ನು ಒಪ್ಪಲು ಧಾರವಾಡದ ಕಲೆಕ್ಟರ್ ಥ್ಯಾಕರೆ ನಿರಾಕರಿಸಿದ. ಅಕ್ಟೋಬರ್ 23ರ ಕಾಳಗದಲ್ಲಿ ಅವನು ಹತನಾದ. ಡಿಸೆಂಬರಿನಲ್ಲಿ ಕೋಟೆ ಶತ್ರುವಶವಾಯಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಣ್ಮುಚ್ಚಿದಳು. ಹೊರಗಿನವರು ನಾಡಿನ ಭವಿಷ್ಯವನ್ನು ತಾವೇ ಬರೆಯಹೊರಟರೆ ಏನಾಗುತ್ತದೆ ಎಂಬುದಕ್ಕೆ ಆಕೆಯ ಸಮಾಧಿಯೇ ಸಾಕ್ಷಿ.

ಒಳಗಿನ ಅರಸರೂ ಪ್ರಜೆಯ ಮಾತಿಗೆ ಕಿವಿಗೊಡದೆ ಹೋದದ್ದುಂಟು. 1939ರ ಏಪ್ರಿಲ್‌ನಲ್ಲಿ ರಾಮದುರ್ಗ ಸಂಸ್ಥಾನದ ಜನ ಸಿಟ್ಟಿಗೆದ್ದು ಸೆರೆಮನೆಗೆ ನುಗ್ಗಿದರು. ಪೊಲೀಸರ ಪ್ರಾಣ ಹೋಯಿತು. ಬಳಿಕ ಪ್ರಜೆಗಳಲ್ಲಿ ಕೆಲವರು ಗಲ್ಲಿಗೇರಿದರು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1951–52ರ ಮೊದಲ ಮಹಾಚುನಾವಣೆಯಲ್ಲಿ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಜಮೀನುದಾರನಿಗೂ ಒಂದೇ ಮತ, ಕೂಲಿಯವಳಿಗೂ ಒಂದೇ ಮತ. ದೇಶದಲ್ಲಿ 17 ಕೋಟಿಗೂ ಹೆಚ್ಚು ಮತದಾರರಿದ್ದರು. ಓದುಬರಹ ಬಾರದವರಿಗಾಗಿ ಪ್ರತಿ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಪೆಟ್ಟಿಗೆ ಇಡಲಾಗಿತ್ತು.

ಈ ಚುನಾವಣೆ ನಡೆಸಿದ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರನ್ನು 1953ರಲ್ಲಿ ಸುಡಾನಿಗೆ ಕರೆಸಿಕೊಳ್ಳಲಾಯಿತು. ಅವರ ಅಧ್ಯಕ್ಷತೆಯ ಆಯೋಗದಲ್ಲಿ ಮೂವರು ಸುಡಾನಿಗಳ ಜೊತೆಗೆ ಈಜಿಪ್ಟ್, ಬ್ರಿಟನ್, ಅಮೆರಿಕದ ತಲಾ ಒಬ್ಬರಿದ್ದರು. ಚುನಾವಣೆ ನಡೆಯಿತು, 1956ರಲ್ಲಿ ದೇಶ ಸ್ವತಂತ್ರವಾಯಿತು. ಆದರೆ ದಕ್ಷಿಣ ಮತ್ತು ಉತ್ತರದ ಮನಸ್ತಾಪ ಹಾಗೆಯೇ ಉಳಿಯಿತು. 1958ರಲ್ಲಿ ಸೈನ್ಯ ಅಧಿಕಾರ ಕಸಿದುಕೊಂಡಿತು. ಮತಪೆಟ್ಟಿಗೆಯನ್ನು ಹೊರಗಿನಿಂದ ತಂದುಕೊಡಬಹುದು, ಕೂಡಿ ಬಾಳುವ ಮನಸ್ಸನ್ನು ತಂದುಕೊಡಲಾಗದು.

ಆಫ್ರಿಕಾದ ಇನ್ನೆರಡು ದೇಶಗಳು ಈ ಪಾಠವನ್ನು ಮತ್ತಷ್ಟು ಸ್ಪಷ್ಟಪಡಿಸುತ್ತವೆ. ಅಂಗೋಲಾದಲ್ಲಿ 1992ರಲ್ಲಿ ಎರಡೂ ಪಕ್ಷಗಳ ಸೈನ್ಯ ಆಯುಧ ಹಿಡಿದಿದ್ದಾಗಲೇ ಮತದಾನವಾಯಿತು. ಸೋತವರು ಮತ್ತೆ ಯುದ್ಧಕ್ಕಿಳಿದರು. ಮೊಜಾಂಬಿಕ್ ಬೇರೆ ದಾರಿ ಹಿಡಿಯಿತು. 1977ರಿಂದ ಒಳಯುದ್ಧದಲ್ಲಿ ಬೆಂದಿದ್ದ ಆ ದೇಶದ ಸರಕಾರ ಮತ್ತು ಬಂಡುಕೋರರನ್ನು ರೋಮಿನ ಸಂತ ಎಜಿದಿಯೊ ಸಮುದಾಯ 27 ತಿಂಗಳು ಒಂದೇ ಮೇಜಿನ ಎದುರು ಕೂರಿಸಿತು. ಮಧ್ಯಸ್ಥರಲ್ಲಿ ಬೈರಾದ ಮಹಾಧರ್ಮಾಧ್ಯಕ್ಷ ಜೈಮೆ ಗೊನ್ಸಾಲ್ವೆಸ್ ಮತ್ತು ಆಗ ಗುರುವಾಗಿದ್ದು ಮುಂದೆ ಕಾರ್ಡಿನಲ್ ಆದ ಮತ್ತೆಯೊ ಜುಪ್ಪಿ ಇದ್ದರು. ಒಪ್ಪಂದಕ್ಕೆ ಸಹಿಯಾದದ್ದು 1992ರ ಅಕ್ಟೋಬರ್ 4ರಂದು, ಸಂತ ಫ್ರಾನ್ಸಿಸರ ಹಬ್ಬದ ದಿನವೇ.

ಬಳಿಕ ಬಂದ ವಿಶ್ವಸಂಸ್ಥೆಯ ಪಡೆಯಲ್ಲಿ ಭಾರತದ ಯೋಧರೂ ಇದ್ದರು. ಅಂಗೋಲಾದ ಕಹಿ ಅನುಭವ ಕಣ್ಣ ಮುಂದಿದ್ದುದರಿಂದ ಚುನಾವಣೆಗೆ ಅವಸರಪಡಲಿಲ್ಲ. ಮೊದಲು 70,000ಕ್ಕೂ ಹೆಚ್ಚು ಸೈನಿಕರು ಆಯುಧ ಒಪ್ಪಿಸಿ ಮನೆಗೆ ಮರಳಿದರು. ಮತದಾನ ನಡೆದದ್ದು 1994ರ ಅಕ್ಟೋಬರ್ 27ರಿಂದ 29ರವರೆಗೆ. ಹಿಂದಿನ ದಿನ ಬಂಡುಕೋರರ ನಾಯಕ ಢ್ಲಕಾಮಾ ಬಹಿಷ್ಕಾರ ಘೋಷಿಸಿದಾಗ ಹಲವು ದೇಶಗಳು ಮನವೊಲಿಸಿ ಅವರನ್ನು ಮರಳಿ ಕರೆತಂದವು. ಪಟ್ಟಿಯಲ್ಲಿದ್ದ ನೂರರಲ್ಲಿ ಸುಮಾರು 88 ಮಂದಿ ಮತ ಹಾಕಿದರು. ಸೋತವರು ಕಾಡಿಗೆ ಹೋಗಲಿಲ್ಲ, ಸಂಸತ್ತಿಗೆ ಹೋದರು. ಆ ಶಾಂತಿಯೂ ಶಾಶ್ವತವಾಗಿರಲಿಲ್ಲ. 2013ರಲ್ಲಿ ಮತ್ತೆ ಗುಂಡಿನ ಸದ್ದು ಕೇಳಿತು, 2019ರಲ್ಲಿ ಮತ್ತೊಂದು ಒಪ್ಪಂದ ಬೇಕಾಯಿತು, 2024ರ ಚುನಾವಣೆಯ ನಂತರ ಮತ್ತೆ ರಕ್ತ ಹರಿಯಿತು. ಶಾಂತಿಯನ್ನು ಹೊಲದಂತೆ ವರುಷ ವರುಷವೂ ಹದಮಾಡಬೇಕು.

ನಮ್ಮ ನಾಡೂ ಈ ಸೇವೆಯಲ್ಲಿ ಪಾಲುಗೊಂಡಿದೆ. 1937ರಲ್ಲಿ ಆರಂಭವಾದ ಮೈಸೂರಿನ ಬಣ್ಣದ ಕಾರ್ಖಾನೆ 1962ರಿಂದ ನಮ್ಮ ಬೆರಳಿಗೆ ಶಾಯಿ ಕೊಡುತ್ತಿದೆ. ಯುದ್ಧದಿಂದ ಚೇತರಿಸಿಕೊಂಡ ಕಾಂಬೋಡಿಯಾಕ್ಕೂ ಅದೇ ಶಾಯಿ ಹೋಗಿದೆ. ಶಾಯಿ ಮೈಸೂರಿನದಾದರೂ ಬೆರಳು ಮಾತ್ರ ಆ ನಾಡಿನವರದು. ಒಳ್ಳೆಯ ನೆರವಿನ ಎಲ್ಲೆ ಇದೇ: ಅದು ಪೆಟ್ಟಿಗೆಯನ್ನು ಕಾಯುತ್ತದೆ, ಚೀಟಿ ಹಾಕುವುದಿಲ್ಲ.

ಪ್ರಿಯರೇ, ನಮ್ಮ ಗ್ರಾಮ ಪಂಚಾಯಿತಿ ಚುನಾವಣೆ ಮುಗಿದ ಮೇಲೆ ಎಷ್ಟೋ ಕಡೆ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ, ಒಂದೇ ಬಾವಿಯ ನೀರು ಎರಡು ಪಕ್ಷವಾಗುತ್ತದೆ. ಬಂದೂಕು ಹಿಡಿದು ಹೊಡೆದಾಡಿದವರೇ ಒಂದು ಮೇಜಿನ ಎದುರು ಕೂತರೆಂದ ಮೇಲೆ, ನಾವು ಒಂದು ಪಂಕ್ತಿಯಲ್ಲಿ ಕೂತು ಉಣ್ಣಲಾರೆವೇ? ಹಣಕ್ಕೆ ಮತ ಮಾರದಿರೋಣ. ಬೆರಳಿನ ಶಾಯಿ ಮಾಸುವ ಮುನ್ನವೇ, ಎದುರು ಪಕ್ಷಕ್ಕೆ ಮತ ಹಾಕಿದ ನೆರೆಯವನ ಬಾಗಿಲು ತಟ್ಟೋಣ. ಸಂತ ಫ್ರಾನ್ಸಿಸರ ಹಬ್ಬವನ್ನು ಆಚರಿಸುವ ಬಗೆ ಅದೇ.